ಮಗುವಿನ ತಂದೆ ಯಾರೆಂದು ಕೋರ್ಟಿನಲ್ಲಿ ತೋರಿಸುವುದು: ನಾನು ಕಲಿತದ್ದು

ನನ್ನ ಮಗಳು ಹುಟ್ಟಿದಾಗ ನಮಗೆ ಮದುವೆ ಆಗಿರಲಿಲ್ಲ. ಮಗುವಿಗೆ ಮೂರು ತಿಂಗಳಾಗುವಷ್ಟರಲ್ಲಿ ಆತ ಫೋನ್ ಎತ್ತುವುದನ್ನೇ ಬಿಟ್ಟ. ಆಮೇಲೆ "ಮಗು ನನ್ನದಲ್ಲ" ಅಂದ. ಎಲ್ಲರೂ ಡಿಎನ್‌ಎ ಮಾಡಿಸು ಅಂದರು. ಆದರೆ ಶುರು ಮಾಡಬೇಕಾದದ್ದು ಅಲ್ಲಿಂದಲ್ಲ.

ಮೊದಲು ಕಾಗದ ಕೂಡಿಡಿ. ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್, ಮೆಸೇಜು, ಹಣ ಕಳಿಸಿದ ಲೆಕ್ಕ, ಯಾವುದನ್ನೂ ಬಿಸಾಡಬೇಡಿ. ನನಗೆ ಸಿಸೇರಿಯನ್ ಆಗಿತ್ತು. ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಆತನೇ. 'ಸಂಬಂಧ' ಅನ್ನುವ ಕಡೆ ನೀಲಿ ಪೆನ್ನಿನಲ್ಲಿ 'ಗಂಡ' ಅಂತ ಬರೆದಿದ್ದ. ಆ ಹಾಳೆ ಆಸ್ಪತ್ರೆಯ ಕೇಸ್ ಶೀಟಿನಲ್ಲಿತ್ತು. ಅರ್ಜಿ ಬರೆದುಕೊಟ್ಟು ನಕಲು ತಗೊಂಡೆ. ಒಳರೋಗಿಗಳ ದಾಖಲೆಯನ್ನು 3 ವರ್ಷ ಇಡಬೇಕು, ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರಿಗೆ ನಿಯಮವಿದೆ. 3 ವರ್ಷ ದಾಟಿದರೆ ಸಿಗದೇ ಹೋಗಬಹುದು, ಬೇಗ ಕೇಳಿ.

ವಕೀಲರ ಫೀಸಿಗೆ ಹೆದರಬೇಡಿ. ಹೆಂಗಸರಿಗೆ ಸಂಬಳ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಆಮೇಲೆ ಮಗುವಿನ ಹೆಸರಲ್ಲಿ ಜೀವನಾಂಶದ ಅರ್ಜಿ. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಸೆಕ್ಷನ್, 2024ರ ಜುಲೈಯಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144. ಅಪ್ಪ ಅಮ್ಮನಿಗೆ ಮದುವೆ ಆಗಿರದಿದ್ದರೂ ಮಗುವಿಗೆ ಈ ಹಕ್ಕಿದೆ. ಆತ ಇರುವ ಊರಿನ, ಇಲ್ಲವೇ ಆತ ನಿಮ್ಮ ಜೊತೆ ಕೊನೆಗೆ ವಾಸವಿದ್ದ ಊರಿನ ಕೋರ್ಟಿನಲ್ಲಿ ಹಾಕಬಹುದು. ಜೊತೆಗೇ ಮಧ್ಯಂತರ ಜೀವನಾಂಶ, ಅಂದರೆ ಕೇಸು ಮುಗಿಯುವವರೆಗಿನದ್ದು, ಕೇಳಿ. ಆತನಿಗೆ ನೋಟಿಸ್ ತಲುಪಿದ 60 ದಿನದಲ್ಲಿ, ಆದಷ್ಟು ಮಟ್ಟಿಗೆ, ಅದನ್ನು ತೀರ್ಮಾನಿಸಬೇಕು ಅನ್ನುತ್ತದೆ ಕಾನೂನು.

ಆತ ಇಲ್ಲ ಅಂದಾಗ ಡಿಎನ್‌ಎ ಮಾತು ಬರುತ್ತದೆ. ಕೇಳಿದ ಕೂಡಲೇ ಕೋರ್ಟ್ ಆದೇಶ ಕೊಡುವುದಿಲ್ಲ. ನೀವು ಕೂಡಿಟ್ಟ ಕಾಗದ ಕೆಲಸಕ್ಕೆ ಬರುವುದು ಇಲ್ಲೇ. ಆದೇಶ ಆದ ಮೇಲೂ ಆತ ರಕ್ತ ಕೊಡದಿದ್ದರೆ, ಅದನ್ನೇ ಆತನ ವಿರುದ್ಧ ಪರಿಗಣಿಸಬಹುದು. ಸುಮ್ನೆ ಖಾಸಗಿ ಲ್ಯಾಬಿಗೆ ದುಡ್ಡು ಸುರಿಯಬೇಡಿ. ಸ್ಯಾಂಪಲ್ ಯಾರದ್ದು ಅನ್ನೋದೇ ತಕರಾರಾಗುತ್ತದೆ. ಮದುವೆಯಾದವರ ಲೆಕ್ಕ ಬೇರೆ: ಮದುವೆಯಲ್ಲಿದ್ದಾಗ, ಅಥವಾ ಅದು ಮುರಿದ 280 ದಿನದೊಳಗೆ ತಾಯಿ ಮರುಮದುವೆಯಾಗದೆ ಇದ್ದಾಗ ಹುಟ್ಟಿದ ಮಗು ಗಂಡನದ್ದೇ ಅಂತ ಕಾನೂನು ಒಪ್ಪುತ್ತದೆ. ಅಲ್ಲ ಅನ್ನಬೇಕಾದರೆ, ಗರ್ಭ ನಿಂತಿರಬಹುದಾದ ಕಾಲದಲ್ಲಿ ಇಬ್ಬರೂ ಸೇರುವ ಅವಕಾಶವೇ ಇರಲಿಲ್ಲ ಅಂತ ಗಂಡ ತೋರಿಸಬೇಕು.

ಅಪ್ಪ ಅಂತ ಸಾಬೀತಾದರೆ ಮಗುವನ್ನು ಕರ್ಕೊಂಡು ಹೋಗಿಬಿಡ್ತಾನಾ ಅನ್ನುವ ಭಯ ನನಗೆ ಜಾಸ್ತಿ ಇತ್ತು. ಹಿಂದೂಗಳಿಗೆ ಅನ್ವಯಿಸುವ 1956ರ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯಲ್ಲಿ, ಮದುವೆಯಾಚೆ ಹುಟ್ಟಿದ ಮಗುವಿಗೆ ಮೊದಲ ಪೋಷಕಿ ತಾಯಿಯೇ. ಅದನ್ನು ಓದಿದ ರಾತ್ರಿ ನಿದ್ದೆ ಬಂತು. ತಂದೆಯ ಹೆಸರು ಹೇಳಲು ನಿಮಗೆ ಇಷ್ಟವಿಲ್ಲದಿದ್ದರೆ, ಅಫಿಡವಿಟ್ ಕೊಟ್ಟರೆ ಸಾಕು, ಮಗುವಿನ ಜನನ ಪ್ರಮಾಣಪತ್ರ ಕೊಡಲೇಬೇಕು ಅಂತ 2015ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಸ್ಯಾಂಪಲ್ ಕೊಡುವ ದಿನ ನಿಮ್ಮ ಗುರುತಿನ ಚೀಟಿ, ಫೋಟೊ, ಮಗುವಿಗೆ ಹಾಲು ಇಟ್ಟುಕೊಳ್ಳಿ. ಕಾಯುವುದು ತುಂಬಾ ಇರುತ್ತದೆ. ಸೀಸೆಗೆ ಅಂಟಿಸುವ ಚೀಟಿಯಲ್ಲಿ ಮಗುವಿನ ಹೆಸರು ಸರಿಯಾಗಿದೆಯಾ ನೋಡಿಯೇ ಸಹಿ ಹಾಕಿ.