ಜಪಾನಿನಲ್ಲಿ ಕಟ್ಟಿದ ಪೆನ್ಶನ್ ದುಡ್ಡನ್ನು ದಾವಣಗೆರೆಯಲ್ಲಿ ಕೂತು ವಾಪಸ್ ತರಿಸಿಕೊಳ್ಳೋದು ಹೇಗೆ

ಜಪಾನಿನಲ್ಲಿ ಎರಡು ಮೂರು ವರ್ಷ ದುಡಿದು ಊರಿಗೆ ಬಂದವರು ಈಗ ದಾವಣಗೆರೆ, ಹರಿಹರದ ಕಡೆ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಅಲ್ಲಿನ ಸಂಬಳದ ಚೀಟಿಯಲ್ಲಿ ಪ್ರತಿ ತಿಂಗಳೂ ‘ಕೋಸೇ ನೆಂಕಿನ್’ (ಕಂಪನಿ ನೌಕರರ ಪೆನ್ಶನ್) ಅಂತ ಒಂದು ದೊಡ್ಡ ಮೊತ್ತ ಕಡಿತವಾಗಿರುತ್ತದೆ, ಅದನ್ನು ನೋಡಿ ನೋಡಿ ಹೊಟ್ಟೆ ಉರಿದೂ ಇರುತ್ತದೆ. ಅದು ವಾಪಸ್ ಬರುತ್ತದೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದವರು ಏಜೆಂಟರಿಗೆ ಕಮಿಷನ್ ಕೊಟ್ಟು ಮಾಡಿಸುತ್ತಾರೆ. ಬೇಡ, ಆ ದುಡ್ಡು ಉಳಿಸಿ. ಫಾರಂ ಪುಕ್ಕಟೆ, ಇಂಗ್ಲಿಷಿನಲ್ಲೂ ಇದೆ, ಜಪಾನ್ ಪೆನ್ಶನ್ ಸರ್ವೀಸಿನ ವೆಬ್‌ಸೈಟಿನಲ್ಲಿ ಸಿಗುತ್ತದೆ. ನಿಜ ಹೇಳಬೇಕೆಂದರೆ ಜಪಾನಿನ ಕಡೆಯ ಕೆಲಸ ಸಲೀಸು. ಸಿಕ್ಕಿಹಾಕಿಕೊಳ್ಳೋದು ಇಲ್ಲಿ, ನಮ್ಮ ಬ್ಯಾಂಕಿನ ಕೌಂಟರಿನಲ್ಲಿ.

ಮೊದಲು ನಿಮಗೆ ಸಿಗುತ್ತದಾ ನೋಡಿಕೊಳ್ಳಿ. ಕನಿಷ್ಠ 6 ತಿಂಗಳು ಕಟ್ಟಿರಬೇಕು. ಜಪಾನಿನಲ್ಲಿ ಈಗ ನಿಮ್ಮ ವಿಳಾಸ ಇರಬಾರದು. ವಿಳಾಸ ತೆಗೆಸಿದ ಮೇಲೆ 2 ವರ್ಷದೊಳಗೆ ಅರ್ಜಿ ಹಾಕಬೇಕು, ಅದು ದಾಟಿದರೆ ಕೈಬಿಟ್ಟ ಹಾಗೆಯೇ. 10 ವರ್ಷ ಕಟ್ಟಿದವರಿಗೆ ಈ ವಾಪಸಾತಿ ಇಲ್ಲ, ಅವರಿಗೆ ವಯಸ್ಸಾದ ಮೇಲೆ ಪೆನ್ಶನ್ನೇ ಬರುತ್ತದೆ. ಇನ್ನು, ಬೆಂಗಳೂರಿನ ಕಂಪನಿಯೇ ನಿಮ್ಮನ್ನು ಕಳಿಸಿದ್ದು, ಇಪಿಎಫ್‌ಒದಿಂದ ಕವರೇಜ್ ಸರ್ಟಿಫಿಕೇಟ್ (ಇಲ್ಲೇ ಪಿಎಫ್ ಕಟ್ಟುತ್ತಿದ್ದೀರಿ ಅನ್ನುವ ಪತ್ರ) ಮಾಡಿಸಿಕೊಂಡು ಹೋಗಿದ್ದರೆ ಜಪಾನಿನಲ್ಲಿ ಪೆನ್ಶನ್ ಕಡಿತವೇ ಆಗಿರೋದಿಲ್ಲ. ಕೇಳೋಕೂ ಏನೂ ಇಲ್ಲ.

ಇಲ್ಲೊಂದು ಕಡೆ ಸ್ವಲ್ಪ ಯೋಚನೆ ಮಾಡಿ. ಭಾರತ ಮತ್ತು ಜಪಾನ್ ನಡುವೆ 2016ರ ಅಕ್ಟೋಬರ್ 1ರಿಂದ ಒಂದು ಒಪ್ಪಂದ ಜಾರಿಯಲ್ಲಿದೆ, ಅದರ ಪ್ರಕಾರ ಪೆನ್ಶನ್ನಿಗೆ ಬೇಕಾದ ಆ 10 ವರ್ಷ ಲೆಕ್ಕ ಹಾಕುವಾಗ ಇಲ್ಲಿ ಪಿಎಫ್ ಕಟ್ಟಿದ ವರ್ಷಗಳನ್ನೂ ಸೇರಿಸಬಹುದು. ದುಡ್ಡು ಒಮ್ಮೆ ವಾಪಸ್ ತಗೊಂಡರೆ ಜಪಾನಿನ ಆ ತಿಂಗಳುಗಳು ಅಳಿಸಿಹೋಗುತ್ತವೆ. ಮತ್ತೆ ಅಲ್ಲಿಗೇ ಹೋಗಿ ನೆಲೆ ನಿಲ್ಲುವ ಆಸೆ ಇದ್ದವರು ಅವಸರ ಮಾಡಬೇಡಿ. ಎರಡು ಮೂರು ವರ್ಷ ದುಡಿದು ಬಂದು, ಇಲ್ಲೇ ಮನೆ ಕಟ್ಟುವ ಲೆಕ್ಕದಲ್ಲಿರುವವರು ಸುಮ್ನೆ ತಗೊಂಡುಬಿಡಿ ಅನ್ನೋದು ನನ್ನ ಅಭಿಪ್ರಾಯ.

ಎಷ್ಟು ಬರುತ್ತದೆ? ನಿಮ್ಮ ಸರಾಸರಿ ತಿಂಗಳ ಸಂಬಳ, ಅಂದರೆ ಬೋನಸ್ಸನ್ನೂ ಸೇರಿಸಿ ಅವರು ಹಾಕುವ ಲೆಕ್ಕ, ಅದನ್ನು ಒಂದು ದರದಿಂದ ಗುಣಿಸುತ್ತಾರೆ. 12 ತಿಂಗಳು ಕಟ್ಟಿದ್ದರೆ 1.1, 24 ಆದರೆ 2.2, 36ಕ್ಕೆ 3.3, 60 ಮತ್ತು ಅದಕ್ಕಿಂತ ಜಾಸ್ತಿ ಎಷ್ಟಾದರೂ 5.5. ಸರಾಸರಿ 2,50,000 ಯೆನ್ ಇದ್ದು ಮೂರು ವರ್ಷ ಕಟ್ಟಿದ್ದರೆ 8,25,000 ಯೆನ್. ನಿಮ್ಮಿಂದ ಕಡಿತವಾಗಿದ್ದು ಸಂಬಳದ 9.15 ಶೇಕಡಾ, ಹಾಗಾಗಿ ನಿಮ್ಮ ಪಾಲು ಹೆಚ್ಚುಕಡಿಮೆ ಪೂರ್ತಿ ಬಂದ ಹಾಗೆ. ಕಂಪನಿ ಕಟ್ಟಿದ ಪಾಲು ಬರೋದಿಲ್ಲ. 5 ವರ್ಷಕ್ಕಿಂತ ಜಾಸ್ತಿ ಕಟ್ಟಿದ್ದರೆ ಆ ಹೆಚ್ಚಿನ ತಿಂಗಳುಗಳು ಹೋದವು ಅಂತಲೇ ತಿಳಿದುಕೊಳ್ಳಿ.

ಇನ್ನೂ ಜಪಾನಿನಲ್ಲೇ ಇದ್ದು ಇದನ್ನು ಓದುತ್ತಿದ್ದೀರಾ? ಹಾಗಿದ್ದರೆ ಹೊರಡುವ ಮುಂಚೆ ಎರಡು ಕೆಲಸ ಮುಗಿಸಿ. ಒಂದು, ನೀವಿರುವ ಊರಿನ ಸಿಟಿ ಆಫೀಸಿಗೆ ಹೋಗಿ ‘ತೆನ್‌ಶುತ್ಸು ತೊದೊಕೆ’ ಕೊಡಿ, ಅಂದರೆ ಊರು ಬಿಡುತ್ತಿದ್ದೇನೆ ಅನ್ನುವ ಅರ್ಜಿ. ಇದು ಕೊಟ್ಟಿದ್ದರೆ ವಿಳಾಸ ಇಲ್ಲ ಅಂತ ಬೇರೆ ದಾಖಲೆ ತೋರಿಸಬೇಕಿಲ್ಲ. ಎರಡು, ತೆರಿಗೆ ವಿಷಯಕ್ಕೆ ಒಬ್ಬ ಪ್ರತಿನಿಧಿಯನ್ನು ಹೆಸರಿಸಿ ಬನ್ನಿ. ಅದರ ಕತೆ ಆಮೇಲೆ ಹೇಳುತ್ತೇನೆ.

ಈಗ ಕಾಗದ ಪತ್ರ. ತುಂಬಿದ ಫಾರಂ, ಪಾಸ್‌ಪೋರ್ಟಿನ ಜೆರಾಕ್ಸ್ (ಹೆಸರು, ಹುಟ್ಟಿದ ದಿನ, ಸಹಿ, ವೀಸಾ ಕಾಣುವ ಪುಟಗಳು), ನಿಮ್ಮ ಪೆನ್ಶನ್ ನಂಬರ್ ಇರುವ ನೀಲಿ ಪುಸ್ತಕ ಅಥವಾ ನೋಟಿಸ್, ಆಮೇಲೆ ಬ್ಯಾಂಕಿನ ದಾಖಲೆ. ಪಾಸ್‌ಪೋರ್ಟಿನಲ್ಲಿ ಕನ್ನಡದಲ್ಲಿ ಸಹಿ ಮಾಡಿದ್ದರೆ ಫಾರಂನಲ್ಲೂ ಕನ್ನಡದಲ್ಲೇ ಮಾಡಿ. ವಿದೇಶಕ್ಕೆ ಹೋಗುವ ಕಾಗದ ಅಂತ ಇಂಗ್ಲಿಷ್ ಸಹಿ ಹಾಕೋಕೆ ಹೋಗಬೇಡಿ.

ಹೆಸರಿನ ವಿಷಯಕ್ಕೆ ಬರೋಣ, ನಮ್ಮ ಕಡೆಯವರಿಗೆ ದೊಡ್ಡ ತಲೆನೋವು ಇದೇ. ಶಾಲೆಯಿಂದ ಹಿಡಿದು ಬ್ಯಾಂಕಿನ ಪಾಸ್‌ಬುಕ್ಕಿನವರೆಗೆ ‘ಕೆ.ಎಂ. ಬಸವರಾಜ’ ಅಂತ ಇರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಬೇಕು, ಹಾಗಾಗಿ ಅಲ್ಲಿ ಊರು, ಅಪ್ಪನ ಹೆಸರು ಎಲ್ಲ ಸೇರಿ ‘ಕೊಂಡಜ್ಜಿ ಮಲ್ಲಪ್ಪ ಬಸವರಾಜ’ ಆಗಿರುತ್ತದೆ. ಜಪಾನಿನವರ ಹತ್ತಿರ ಇರೋದು ಪಾಸ್‌ಪೋರ್ಟಿನ ಹೆಸರು. ಖಾತೆಯ ಹೆಸರು ಬೇರೆ ಕಂಡರೆ ಇವನು ಅವನೇನಾ ಅನ್ನೋದು ಅವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ? ಅದಕ್ಕೇ ಅರ್ಜಿಗೆ ಮೊದಲು ಬ್ಯಾಂಕಿಗೆ ಪಾಸ್‌ಪೋರ್ಟ್ ಕೊಟ್ಟು ಖಾತೆಯ ಹೆಸರನ್ನು ಬಿಡಿಸಿ ಬರೆಸಿಕೊಳ್ಳಿ. ಅಪ್ಪ ಅಮ್ಮನ ಜೊತೆಗಿನ ಜಂಟಿ ಖಾತೆ ಬೇಡ, ನಿಮ್ಮೊಬ್ಬರ ಹೆಸರಿನ ಖಾತೆ ಕೊಡಿ. ವಿದೇಶದ ಹಣ ನೇರವಾಗಿ ತಗೊಳ್ಳದ ಸಣ್ಣ ಸಹಕಾರಿ ಬ್ಯಾಂಕೂ ಬೇಡ. ದೊಡ್ಡ ಬ್ಯಾಂಕಾದರೂ ನಿಮ್ಮ ಬಡಾವಣೆಯ ಶಾಖೆಗೆ ಸ್ವಿಫ್ಟ್ ಕೋಡ್ (ವಿದೇಶದ ಹಣ ಬರೋಕೆ ಬೇಕಾದ ಬ್ಯಾಂಕಿನ ಗುರುತಿನ ಕೋಡ್) ಇರಲಿಕ್ಕಿಲ್ಲ, ಯಾವ ಶಾಖೆಯ ಮೂಲಕ ಬರುತ್ತದೆ ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಫಾರಂನಲ್ಲಿ ಬ್ಯಾಂಕಿನ ಸೀಲಿಗೆ ಒಂದು ಜಾಗ ಇದೆ. ಜಪಾನಿ ಅಕ್ಷರ ಕಂಡ ತಕ್ಷಣ ಮ್ಯಾನೇಜರ್ ಕೈ ಹಿಂದೆ ತೆಗೆಯುತ್ತಾರೆ. ‘ಹೆಡ್ ಆಫೀಸಿಗೆ ಕೇಳಬೇಕು, ಸೋಮವಾರ ಬನ್ನಿ’ ಅನ್ನೋದು ನನಗೂ ಕೇಳಿ ಸಾಕಾಗಿತ್ತು. ಅವರ ಜೊತೆ ವಾದ ಮಾಡಿ ಪ್ರಯೋಜನ ಇಲ್ಲ, ಗೊತ್ತಿಲ್ಲದ ಕಾಗದಕ್ಕೆ ಸೀಲ್ ಹಾಕೋಕೆ ಯಾರಿಗಾದರೂ ಅಳುಕು ಇದ್ದೇ ಇರುತ್ತದೆ. ಸೀಲಿನ ಬದಲು ಬ್ಯಾಂಕ್ ಕೊಟ್ಟ ಪತ್ರವೂ ನಡೆಯುತ್ತದೆ. ಬ್ಯಾಂಕಿನ ಹೆಸರು, ಶಾಖೆ, ಶಾಖೆಯ ವಿಳಾಸ, ಖಾತೆ ನಂಬರ್, ಖಾತೆದಾರರ ಹೆಸರು, ಇಷ್ಟು ಇಂಗ್ಲಿಷಿನಲ್ಲಿ ನೀವೇ ಟೈಪ್ ಮಾಡಿಸಿಕೊಂಡು ಹೋಗಿ, ಲೆಟರ್‌ಹೆಡ್ಡಿನಲ್ಲಿ ಕೊಡಿ ಸಾರ್ ಅಂತ ಕೇಳಿ. ವೀಸಾಕ್ಕೆ, ಸಾಲಕ್ಕೆ ಅಂತ ಇಂಥ ಪತ್ರ ಅವರು ಕೊಡುತ್ತಲೇ ಇರುತ್ತಾರೆ.

ಎಲ್ಲವನ್ನೂ ಹೆಡ್ ಪೋಸ್ಟ್ ಆಫೀಸಿನಿಂದ ಇಂಟರ್‌ನ್ಯಾಷನಲ್ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಟೋಕಿಯೋದ ವಿಳಾಸ ಫಾರಂನಲ್ಲೇ ಇದೆ. ನಿಮ್ಮ ವಿಳಾಸ ಮಾತ್ರ ಹುಷಾರಾಗಿ ಕೊಡಿ. ನೀವು ಅಷ್ಟರಲ್ಲಿ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗಿರಬಹುದು, ಬಾಡಿಗೆ ಮನೆಯ ವಿಳಾಸಕ್ಕೆ ನಂಬಿಕೆ ಇಲ್ಲ, ಹಾಗಾಗಿ ಅಪ್ಪ ಅಮ್ಮ ಇರುವ ಮನೆಯದ್ದೇ ವಾಸಿ. ಸುಮಾರು 4ರಿಂದ 6 ತಿಂಗಳು ಹಿಡಿಯುತ್ತದೆ. ದುಡ್ಡು ಖಾತೆಗೆ ಬರುವ ಹೊತ್ತಿಗೆ ಅಂಚೆಯಲ್ಲಿ ಒಂದು ನೋಟಿಸೂ ಬರುತ್ತದೆ, ಜಪಾನಿ ಅಕ್ಷರದ ಕಾಗದ ಅಂತ ಮನೆಯವರು ರದ್ದಿಗೆ ಹಾಕಿಬಿಟ್ಟಾರು. ಮೊದಲೇ ಹೇಳಿಡಿ, ಆ ಕಾಗದದಲ್ಲೇ ಇನ್ನೊಂದು ಕಂತು ಇದೆ.

ಅದೇ ತೆರಿಗೆ. ಕೋಸೇ ನೆಂಕಿನ್ ವಾಪಸ್ ಕೊಡುವಾಗ 20.42 ಶೇಕಡಾ ಹಿಡಿದುಕೊಂಡು ಕೊಡುತ್ತಾರೆ. ಮೇಲಿನ ಲೆಕ್ಕದಲ್ಲಿ 1,68,465 ಯೆನ್. ಇದನ್ನು ನಿವೃತ್ತಿ ಹಣ ಅಂತ ಲೆಕ್ಕಕ್ಕೆ ಹಾಕಿಸಿದರೆ ಎರಡು ಮೂರು ವರ್ಷ ದುಡಿದವರಿಗೆ ಸಾಮಾನ್ಯವಾಗಿ ಪೂರ್ತಿ ವಾಪಸ್ ಬರುತ್ತದೆ. ಆದರೆ ಅರ್ಜಿ ಹಾಕಬೇಕಾದ್ದು ಅಲ್ಲಿನ ತೆರಿಗೆ ಕಚೇರಿಗೆ, ನಿಮ್ಮ ಪರವಾಗಿ ಜಪಾನಿನಲ್ಲಿರುವ ಒಬ್ಬರು. ಅವರನ್ನೇ ‘ನೋಜೇ ಕನ್ರಿನಿನ್’ ಅನ್ನೋದು. ಜಪಾನಿಯೇ ಆಗಬೇಕಿಲ್ಲ, ಅಲ್ಲೇ ವಾಸವಿರುವ ನಮ್ಮ ಕಡೆಯ ಗೆಳೆಯನಾದರೂ ಸಾಕು. ನೋಟಿಸಿನ ಒರಿಜಿನಲ್ಲನ್ನು ಅವರಿಗೆ ಕಳಿಸಿ, ಜೆರಾಕ್ಸ್ ನೀವಿಟ್ಟುಕೊಳ್ಳಿ. ಹಣ ಅವರ ಖಾತೆಗೆ ಬೀಳುತ್ತದೆ, ಹಾಗಾಗಿ ನಂಬಿಕೆಯವರನ್ನೇ ಹೆಸರಿಸಿ. ಇದಕ್ಕೆ 5 ವರ್ಷದ ಅವಕಾಶ ಇದೆ.

ಓದೋಕೆ ಹೋಗಿ ‘ಕೊಕುಮಿನ್ ನೆಂಕಿನ್’ (ಸಂಬಳದಲ್ಲಿ ಕಡಿತವಾಗದೆ ತಾವೇ ಕಟ್ಟುವ ರಾಷ್ಟ್ರೀಯ ಪೆನ್ಶನ್) ಕಟ್ಟಿದವರಿಗೂ ವಾಪಸಾತಿ ಇದೆ, ಅದಕ್ಕೆ ಈ ತೆರಿಗೆ ಹಿಡಿಯೋದಿಲ್ಲ. ವಿದ್ಯಾರ್ಥಿ ಅಂತ ವಿನಾಯಿತಿ ತಗೊಂಡು ಕಟ್ಟದೇ ಬಿಟ್ಟ ತಿಂಗಳುಗಳು ಮಾತ್ರ ಲೆಕ್ಕಕ್ಕಿಲ್ಲ.

ಬೇರೆ ದೇಶಗಳಲ್ಲಿ ದುಡಿದು ಬಂದವರೂ ಕೇಳುತ್ತಿರುತ್ತಾರೆ. ಜರ್ಮನಿಯಲ್ಲಿ 60 ತಿಂಗಳಿಗಿಂತ ಕಡಿಮೆ ಕಟ್ಟಿ ಬಂದವರು, ಅಲ್ಲಿಂದ ಬಂದು 24 ತಿಂಗಳು ಕಳೆದ ಮೇಲೆ ತಮ್ಮ ಪಾಲು ಕೇಳಬಹುದು. ಅಮೆರಿಕದ ಸೋಷಿಯಲ್ ಸೆಕ್ಯುರಿಟಿ, ಇಂಗ್ಲೆಂಡಿನ ನ್ಯಾಷನಲ್ ಇನ್ಶೂರೆನ್ಸ್ ಕಟ್ಟಿದವರಿಗೆ ಊರಿಗೆ ಬಂದೆ ಅಂತ ಹೀಗೆ ವಾಪಸ್ ಕೊಡುವ ಪದ್ಧತಿಯೇ ಇಲ್ಲ, ಕೊಡಿಸುತ್ತೇನೆ ಅಂತ ಯಾರಾದರೂ ಫೀಸು ಕೇಳಿದರೆ ಬಾಗಿಲು ತೋರಿಸಿ.