ಸಂಬಳ ಬಿಟ್ಟು ಸ್ವಂತಕ್ಕೆ ಎಸಿ ಕೆಲಸ: ಕಾರವಾರದ ಮಳೆಗಾಲ ಹಿಡಿದು ಹಾಕಿದ ಲೆಕ್ಕ

ಕಾರವಾರದಲ್ಲಿ ಎಸಿ, ಫ್ರಿಜ್ ರಿಪೇರಿಯನ್ನು ಸ್ವಂತಕ್ಕೆ ಮಾಡುವವರಿಗೆ ನೌಕರಿ ಬಿಡುವ ತಿಂಗಳೇ ಅರ್ಧ ಲೆಕ್ಕ. ನಾನು ಜನವರಿ ಕೊನೆಗೆ ಮುಗಿಯುವಂತೆ ನೋಟಿಸ್ ಕೊಟ್ಟೆ. ಫೆಬ್ರುವರಿಯಿಂದ ಮೇ ವರೆಗೆ ಫೋನಿಗೆ ಬಿಡುವಿಲ್ಲ. ಜೂನಿನಲ್ಲಿ ಮಳೆ ಹಿಡಿಯಿತೆಂದರೆ ಸೆಪ್ಟೆಂಬರ್ ತನಕ ಎಸಿ ಕೆಲಸ ಇಲ್ಲವೆಂದೇ ಇಟ್ಟುಕೊಳ್ಳಿ. ಸೀಸನ್ ಮುಗಿಸಿಯೇ ಬಿಡೋಣ ಎಂದು ಮೇ ತನಕ ಕಾದವರು ಮೊದಲ ನಾಲ್ಕು ತಿಂಗಳು ಕೂತು ಉಣ್ಣಬೇಕಾಗುತ್ತದೆ, ಅದರ ಮೇಲೆ ಚೌತಿ ಖರ್ಚು.

ಕೈಗೆ 18,000 ಬರುತ್ತಿದ್ದ ಜಾಗದಲ್ಲಿ ಸ್ವಂತಕ್ಕೂ ಅಷ್ಟೇ ಸಾಕು ಎಂದುಕೊಳ್ಳುವುದು ದೊಡ್ಡ ತಪ್ಪು. ಕಂಪನಿ ಹಾಕುತ್ತಿದ್ದ ಪಿಎಫ್ ಪಾಲು, ಆರೋಗ್ಯ ವಿಮೆ, ಪೆಟ್ರೋಲ್, ಸಾಮಾನಿನ ಸವಕಳಿ ಸೇರಿಸಿದಾಗ ನನ್ನ ಲೆಕ್ಕ ತಿಂಗಳಿಗೆ 26,000ಕ್ಕೆ ನಿಂತಿತು, ವರ್ಷಕ್ಕೆ 3,12,000. ಇದರಲ್ಲಿ ಎರಡು ಲಕ್ಷ ಮೇ ಒಳಗೇ ಬರಬೇಕು. ತಿಂಗಳಿಗೆ 50,000 ದುಡಿದು, 26,000 ಖರ್ಚಿಗೆ ಇಟ್ಟು, 24,000 ಬೇರೆ ಖಾತೆಗೆ ಹಾಕಿದರೆ ಮಳೆಗಾಲದ ಹೊತ್ತಿಗೆ 96,000 ಇರುತ್ತದೆ. ಆ ಖಾತೆಯ ಎಟಿಎಂ ಕಾರ್ಡನ್ನು ಮನೆಯಲ್ಲೇ ಇಡಿ.

ಬಿಡುವ ಹೊತ್ತಿನಲ್ಲಿ ಮೂರು ಕೆಲಸ. ಹೊಸ ಆರೋಗ್ಯ ವಿಮೆಗೆ ಅಪಘಾತ ಬಿಟ್ಟು ಉಳಿದದ್ದಕ್ಕೆ ಮೊದಲ 30 ದಿನ ಕ್ಲೈಮ್ ಸಿಗುವುದಿಲ್ಲ, ಹಾಗಾಗಿ ಇಎಸ್‌ಐ (ನೌಕರಿಯಲ್ಲಿ ಸಿಗುವ ಸರ್ಕಾರಿ ಆರೋಗ್ಯ ವಿಮೆ) ಇರುವಾಗಲೇ ಪಾಲಿಸಿ ಮಾಡಿಸಿ. ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿ (ಸೇವೆಗಾಗಿ ಕಂಪನಿ ಕೊಡುವ ಇಡಿಗಂಟು) ಕೇಳಿ ಪಡೆಯಿರಿ: ಕೊನೆಯ ಮೂಲ ವೇತನ 12,000, ಸೇವೆ ಆರು ವರ್ಷ ಎಂದಾದರೆ 15ರಿಂದ ಗುಣಿಸಿ 26ರಿಂದ ಭಾಗಿಸಿ, ಆರು ಪಟ್ಟು ಮಾಡಿದರೆ ಸುಮಾರು 41,500. ಬಿಟ್ಟ ಮೇಲೆ ಪಿಎಫ್ ದಾಖಲೆಯಲ್ಲಿ ಕೆಲಸ ಬಿಟ್ಟ ದಿನಾಂಕ ಏರಿದೆಯೋ ಎಂದೂ ನೋಡಿ. ಜಿಎಸ್‌ಟಿ ಬಗ್ಗೆ ಮೊದಲ ವರ್ಷ ತಲೆಬಿಸಿ ಬೇಡ, ನಮ್ಮಂಥ ಸೇವೆಗೆ ವಹಿವಾಟು 20 ಲಕ್ಷ ದಾಟಿದ ಮೇಲಿನ ಮಾತು.

ಸ್ವಂತದವರನ್ನು ಇಲ್ಲಿ ನಿಜವಾಗಿ ಮುಳುಗಿಸುವುದು ಉಪ್ಪುಗಾಳಿ. ಸಮುದ್ರಕ್ಕೆ ಮುಖ ಮಾಡಿದ, ಎಸಿಯ ಹೊರಗಿನ ಪೆಟ್ಟಿಗೆಯಾದ ಔಟ್‌ಡೋರ್ ತೆರೆದು ನೋಡಿ. ಕಾಯಿಲಿನ (ಗ್ಯಾಸ್ ಹರಿಯುವ ಕೊಳವೆಗಳ ಸುರುಳಿ) ಅಲ್ಯೂಮಿನಿಯಂ ಎಲೆಗಳ ಮೇಲೆ ಬಿಳಿ ಪುಡಿ, ಬೆರಳಿಟ್ಟರೆ ಹಪ್ಪಳದಂತೆ ಉದುರುತ್ತವೆ. ತಾಮ್ರದ ಬಾಗುಗಳ ಬಳಿ ಹಸಿರು ಕಿಲುಬು ಕಟ್ಟಿ ಪಕ್ಕದಲ್ಲಿ ಎಣ್ಣೆಯ ಕಲೆ ಕಂಡರೆ ಸೋರಿಕೆ ಅಲ್ಲೇ. ಸೋರಿಕೆ ಹುಡುಕದೆ ಗ್ಯಾಸ್ ತುಂಬಿದರೆ ತಿಂಗಳೊಳಗೆ ಅದೇ ಮನೆಯಿಂದ ಫೋನ್ ಬರುತ್ತದೆ. ಸಂಬಳದಲ್ಲಿದ್ದಾಗ ಎರಡನೇ ಸಲದ ಖರ್ಚು ಕಂಪನಿಯದು, ಈಗ ನಿಮ್ಮದು. ಗೋಕರ್ಣದ ಕೆಲಸವಾದರೆ ಹೋಗಿಬರುವ ನೂರಕ್ಕೂ ಹೆಚ್ಚು ಕಿಲೋಮೀಟರಿನ ಪೆಟ್ರೋಲೂ.

ಆರ್32 ಎಂಬ ತಂಪು ಗ್ಯಾಸಿನ ಎಸಿ ಯಂತ್ರಕ್ಕೆ ನಾನು ಮಾಡುವ ಕ್ರಮ: ಸೋರಿಕೆ ನೋಡಲು ನೈಟ್ರೋಜನ್ ತುಂಬಿ ಒತ್ತಡ ಏರಿಸಿ, ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ, ಅರ್ಧ ಗಂಟೆ ಗೇಜಿನ ಮುಳ್ಳು ಇಳಿಯದೆ ನಿಲ್ಲಬೇಕು. ಆಮೇಲೆ ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ, ಪಸೆ ಎಳೆದು 500 ಮೈಕ್ರಾನಿಗೆ (ನಿರ್ವಾತದ ಅಳತೆ) ಇಳಿಸಿ, ಪಂಪ್ ನಿಲ್ಲಿಸಿ ಅದು ಮತ್ತೆ ಏರುತ್ತದೆಯೋ ಎಂದು ಹತ್ತು ನಿಮಿಷ ನೋಡಬೇಕು. ನಮ್ಮ ಗಾಳಿಯಲ್ಲಿ ನೀರಿನ ಪಸೆ ಹೆಚ್ಚು, ಕಂಪ್ರೆಸರ್ ಎಣ್ಣೆ ಅದನ್ನು ಹೀರಿಕೊಂಡರೆ ಆಮ್ಲವಾಗಿ ಒಳಗಿನ ಮೋಟರಿನ ತಂತಿ ಸುತ್ತು (ವೈಂಡಿಂಗ್) ತಿನ್ನುತ್ತದೆ. ಗ್ಯಾಸನ್ನು ಔಟ್‌ಡೋರಿನ ಪಟ್ಟಿಯಲ್ಲಿ ಬರೆದಷ್ಟೇ, ತೂಕದಿಂದ. ಆರ್32 ಬೆಂಕಿ ಹಿಡಿಯುವ ಗ್ಯಾಸ್, ಉಳಿದ ಗ್ಯಾಸ್ ತೆಗೆಯದೆ ಬೆಸುಗೆಗೆ ಕೈಹಾಕಬೇಡಿ.

ಬಿಲ್ಲಿನಲ್ಲಿ ಗ್ಯಾರಂಟಿಯನ್ನು ಬಿಡಿಸಿ ಬರೆಯಿರಿ: ನಾನು ಬೆಸೆದ ಜಾಗಕ್ಕೆ ಮೂರು ತಿಂಗಳು, ಹಳೇ ಕಾಯಿಲಿಗೆ ಇಲ್ಲ. ತೆರೆಯುವ ಮೊದಲೇ ಕಾಯಿಲಿನ ಫೋಟೋ ತೆಗೆದು ಗಿರಾಕಿಗೆ ಕಳಿಸಿ.

ಲಾಡ್ಜು, ಕ್ಲಿನಿಕ್ಕುಗಳಿಗೆ ವಾರ್ಷಿಕ ಒಪ್ಪಂದ ಮಾಡಿಕೊಳ್ಳಿ: ಫೆಬ್ರುವರಿ, ಮೇ, ಅಕ್ಟೋಬರಿನಲ್ಲಿ ಮೂರು ಸರ್ವಿಸ್, ಗ್ಯಾಸ್ ಮತ್ತು ಬಿಡಿಭಾಗ ಬೇರೆ. ಅರ್ಧ ಹಣ ಮುಂಗಡ, ಇನ್ನರ್ಧ ಜುಲೈಗೆ ಎಂದು ಬರೆಸಿಕೊಂಡೆ. ಮಳೆಯಲ್ಲಿ ಅಕ್ಕಿ ಸಾಮಾನಿಗೆ ಆಗುವ ದುಡ್ಡು ಅದು. ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31, ಮೀನು ವ್ಯಾಪಾರಿಗಳ ಡೀಪ್ ಫ್ರೀಜರ್‌ಗಳು ಖಾಲಿ ಇರುವ ಸಮಯ. ಆಗಲೇ ಹೋಗಿ ಬಾಗಿಲಿನ ರಬ್ಬರ್, ಫ್ಯಾನ್ ಮೋಟರ್, ಥರ್ಮೋಸ್ಟಾಟ್ ನೋಡಿ, ಬೇಕಾದ್ದನ್ನು ಬದಲಿಸಿ, ಒಂದು ರಾತ್ರಿ ಓಡಿಸಿಟ್ಟರೆ ಆಗಸ್ಟ್ 1ಕ್ಕೆ ಅವರ ಫ್ರೀಜರ್ ತಯಾರಿರುತ್ತದೆ. ಆದರೆ ನಿಷೇಧದಲ್ಲಿ ಅವರ ಕೈಯಲ್ಲೂ ದುಡ್ಡಿರುವುದಿಲ್ಲ. ಬಿಡಿಭಾಗದ ಹಣ ಮಾತ್ರ ಆಗಲೇ ಪಡೆದು, ಕೂಲಿಯನ್ನು ಆಗಸ್ಟ್ ಎರಡನೇ ವಾರಕ್ಕೆ ಬಿಡುತ್ತೇನೆ.