ಹೂವಿನ ಮಾರು, ಬಟ್ಟೆಯ ಅಂಚು

ಬಟ್ಟೆಗೆ ಡಿಸೈನ್ ಬರೆಯುವುದು ನನ್ನ ಕೆಲಸ. ದಿಂಬಿನ ಕವರು, ಟೇಬಲ್ ಬಟ್ಟೆ, ಆಗೊಮ್ಮೆ ಈಗೊಮ್ಮೆ ಹತ್ತಿ ಸೀರೆ. ಮೈಸೂರಿನವಳು ಅಂದ ತಕ್ಷಣ ಗಿರಾಕಿಗಳು, "ಹಾಗಾದರೆ ಅರಮನೆ ಡಿಸೈನ್ ಏನಾದ್ರೂ ಕೊಡಿ" ಅನ್ನುತ್ತಾರೆ. ಅರಮನೆ ಚೆಂದ, ಇಲ್ಲ ಅನ್ನುವುದಿಲ್ಲ. ಕಲ್ಯಾಣ ಮಂಟಪದ ಬಣ್ಣದ ಗಾಜಿನ ಚಾವಣಿಯನ್ನು, ಅದರಲ್ಲಿನ ನವಿಲುಗಳನ್ನು ಕತ್ತು ನೋಯುವ ತನಕ ನೋಡಿದ್ದೇನೆ. ಆದರೆ ಅದು ಆಗಲೇ ಮುಗಿದ ಡಿಸೈನು. ಯಾರೋ ತಲೆ ಕೆಡಿಸಿಕೊಂಡು ಬರೆದು, ದೂರದ ಗ್ಲಾಸ್ಗೋದಲ್ಲಿ ಮಾಡಿಸಿ, ತಂದು ಕೂರಿಸಿದ್ದು. ಅದನ್ನು ನಾನು ಬಟ್ಟೆ ಮೇಲೆ ಇಳಿಸಿದರೆ ನಕಲು ಆಗುತ್ತದೆ, ಅಷ್ಟೆ.

ನಾನು ಹೋಗುವುದು ದೇವರಾಜ ಮಾರುಕಟ್ಟೆಗೆ. ಬೆಳಿಗ್ಗೆ ಬೇಗ, ಕಾಲಿಡಲು ಜಾಗ ಇರುವಾಗಲೇ. ಹೊರಗಿನಿಂದ ಬಂದವರು ಕುಂಕುಮದ ಗೋಪುರಗಳ ಮುಂದೆ ನಿಂತು ಫೋಟೊ ತೆಗೆಯುತ್ತಾರೆ. ನನಗೆ ಅಲ್ಲಿ ಜಾಸ್ತಿ ಕೆಲಸವಿಲ್ಲ. ಹೂವಿನ ಸಾಲಿನಲ್ಲಿ ಹೋಗಿ ನಿಲ್ಲುತ್ತೇನೆ.

ಹೂ ಕಟ್ಟುವುದನ್ನು ನಾವೆಲ್ಲ ಚಿಕ್ಕಂದಿನಿಂದ ನೋಡಿದವರೇ. ಆದರೆ ಬರೆಯಲು ಕೂತಾಗ ಗೊತ್ತಾಗುತ್ತದೆ, ಸರಿಯಾಗಿ ನೋಡೇ ಇಲ್ಲ ಅಂತ. ಎರಡು ಮೊಗ್ಗು ಈ ಕಡೆಗೆ, ಎರಡು ಆ ಕಡೆಗೆ. ತೊಟ್ಟುಗಳು ಮಧ್ಯದಲ್ಲಿ ಸೇರುತ್ತವೆ. ಬಾಳೆನಾರನ್ನು ಬೆರಳಿಗೆ ಒಂದು ಸುತ್ತು ಹಾಕಿ, ತೊಟ್ಟಿನ ಮೇಲೆ ದಾಟಿಸಿ ಎಳೆದರೆ ಗಂಟು ಬಿತ್ತು. ಮುಂದಿನ ಜೋಡಿ ಹೂವನ್ನು ಹೇಗೆ ಇಡುತ್ತಾರೆ ಅಂದರೆ, ಹಿಂದಿನ ಗಂಟು ಅದರ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಅಷ್ಟು ದೂರಕ್ಕೊಮ್ಮೆ ಒಂದು ಎಸಳು ಮರುಗ, ಒಂದಿಷ್ಟು ಕನಕಾಂಬರ. ಆಮೇಲೆ ಮತ್ತೆ ಮಲ್ಲಿಗೆ. ನಾನು ಬಾಯಿ ತೆರೆದು ನೋಡುತ್ತಾ ನಿಂತಿದ್ದರೆ ಹೂವಿನಾಕೆ, "ಯಾಕವ್ವ ಹಂಗೆ ನಿಂತಿದ್ದೀಯ, ಎಷ್ಟು ಮಾರು ಕೊಡ್ಲಿ?" ಅಂದರು. "ಅಕ್ಕ, ಮರುಗ ಎಷ್ಟು ದೂರಕ್ಕೆ ಸೇರಿಸ್ತೀರಿ, ಲೆಕ್ಕ ಇದೆಯಾ?" ಅಂದೆ. "ಲೆಕ್ಕ ಎಂಥದ್ದು, ಬಿಳಿ ಜಾಸ್ತಿ ಆಯ್ತು ಅನ್ನಿಸ್ದಾಗ ಹಾಕೋದು."

ಆ ಮಾತಿನಿಂದಲೇ ಒಂದು ಅಂಚು ಹುಟ್ಟಿತು. ಅದರಲ್ಲಿ ಮಲ್ಲಿಗೆಯ ಚಿತ್ರ ಇಲ್ಲ. ಬರೀ ಚಿಕ್ಕ ಗೀಟುಗಳು, ಎರಡು ಮೇಲಕ್ಕೆ, ಎರಡು ಕೆಳಕ್ಕೆ. ಪ್ರತಿ ಜೋಡಿಯೂ ಹಿಂದಿನ ಜೋಡಿಯ ಬುಡ ಮುಚ್ಚುತ್ತದೆ. ಮಧ್ಯೆ ಮಧ್ಯೆ ಬರುವ ಹಸಿರು ಮಚ್ಚೆಯ ದೂರ ಒಂದೇ ಸಮ ಇಲ್ಲ, ಬೇಕೆಂದೇ ಒಂಚೂರು ಹೆಚ್ಚುಕಮ್ಮಿ ಮಾಡಿದೆ. ನೋಡಿದವರಿಗೆ ಹೂ ಅಂತ ಹೇಳಲು ಬಾರದಿದ್ದರೂ, ಎಲ್ಲೋ ನೋಡಿದ್ದೇನೆ ಅನ್ನಿಸುತ್ತದೆ.

ಇದು ನಾನು ಕೆಲಸ ಮಾಡುವ ರೀತಿ. ಒಂದು ವಸ್ತು ಚೆಂದ ಅನ್ನಿಸಿದರೆ ಅದರ ಆಕಾರ ಬರೆದುಕೊಳ್ಳುವುದಿಲ್ಲ. ಅದನ್ನು ಹೇಗೆ ಮಾಡುತ್ತಾರೆ ಅಂತ ನೋಡುತ್ತೇನೆ. ಲಕ್ಷ್ಮೀಪುರಂ, ಚಾಮರಾಜಪುರಂ ಕಡೆಯ ಹಳೇ ಮನೆಗಳ ಕಿಟಕಿ ಕಂಬಿ ನೋಡಿ. ಕಬ್ಬಿಣದ ಪಟ್ಟಿಯನ್ನು ಬಗ್ಗಿಸಿ ಸುರುಳಿ ಮಾಡಿರುತ್ತಾರೆ. ಎರಡು ಸುರುಳಿ ತಾಗುವ ಕಡೆ ಚಿಕ್ಕದೊಂದು ಪಟ್ಟಿ ಸುತ್ತಿರುತ್ತಾರೆ, ಇಲ್ಲಾ ಮೊಳೆ ಹೊಡೆದು ಕೂಡಿಸಿರುತ್ತಾರೆ. ಕಣ್ಣು ಮೊದಲು ಹೋಗಿ ನಿಲ್ಲುವುದು ಆ ಪಟ್ಟಿಯ ಮೇಲೆ. ವೆಲ್ಡಿಂಗ್ ಮಾಡಿದ ಹೊಸ ಗ್ರಿಲ್ಲುಗಳಲ್ಲಿ ಅದು ಇರುವುದಿಲ್ಲ, ಅದಕ್ಕೇ ಏನೋ ಬೋಳು ಬೋಳು.

ಅಂಚು ಸುಲಭ. ಇಡೀ ಬಟ್ಟೆ ತುಂಬುವ ಡಿಸೈನು ಕಷ್ಟ. ಅಲ್ಲಿ ಸಹಾಯಕ್ಕೆ ಬಂದದ್ದು ರಂಗೋಲಿ. ಚುಕ್ಕಿ ಇಡುವುದರಲ್ಲಿ ಎರಡು ಬಗೆ ಇದೆಯಲ್ವಾ, ನೇರ ಚುಕ್ಕಿ, ಸಂದು ಚುಕ್ಕಿ. ಸಂದು ಚುಕ್ಕಿಯಲ್ಲಿ ಕೆಳಗಿನ ಸಾಲಿನ ಚುಕ್ಕಿ ಮೇಲಿನ ಎರಡರ ನಡುವೆ ಬರುತ್ತದೆ. 7ರಿಂದ 4 ಅಂದರೆ ನಡುವಿನ ಸಾಲಿನಲ್ಲಿ 7, ಮೇಲಕ್ಕೂ ಕೆಳಕ್ಕೂ ಒಂದೊಂದೇ ಕಮ್ಮಿಯಾಗುತ್ತಾ 4ರ ತನಕ. ಒಟ್ಟು 37 ಚುಕ್ಕಿ, ಆರು ಮೂಲೆಯ ಆಕಾರ. ಹೀಗೆ ಒಂದು ಸಾಲು ಬಿಟ್ಟು ಒಂದು ಸಾಲನ್ನು ಅರ್ಧ ಪಕ್ಕಕ್ಕೆ ಸರಿಸುವುದನ್ನೇ ಪ್ರಿಂಟಿನವರು ಬ್ರಿಕ್ ರಿಪೀಟ್ ಅನ್ನುತ್ತಾರೆ. ನಿಲುವು ಸಾಲನ್ನು ಅರ್ಧ ಕೆಳಕ್ಕೆ ಇಳಿಸಿದರೆ ಹಾಫ್ ಡ್ರಾಪ್. ಕಂಪ್ಯೂಟರ್ ಮುಂದೆ ಕೂತು ಇದನ್ನು ಕಲಿಯಲು ಒದ್ದಾಡುತ್ತಿದ್ದ ನನಗೆ, ಅಜ್ಜಿ ದಿನಾ ಬಾಗಿಲಲ್ಲಿ ಇದನ್ನೇ ಮಾಡುತ್ತಿದ್ದರು ಅಂತ ಹೊಳೆದಾಗ ನಗು ಬಂತು. ನೇರ ಚುಕ್ಕಿಯ ಹಾಗೆ ಇಟ್ಟರೆ ಹೂಗಳ ಮಧ್ಯೆ ಉದ್ದಕ್ಕೂ ಅಡ್ಡಕ್ಕೂ ಖಾಲಿ ಓಣಿ ಬೀಳುತ್ತದೆ, ದೂರದಿಂದ ಅದೇ ಎದ್ದು ಕಾಣುತ್ತದೆ. ಸಂದಿಗೆ ಇಟ್ಟರೆ ಓಣಿ ಒಡೆದುಹೋಗುತ್ತದೆ.

ಮನೆಯಲ್ಲೇ ಮಾಡಿ ನೋಡಬೇಕು ಅನ್ನುವವರಿಗೆ ಕಾಗದ, ಕತ್ತರಿ, ಟೇಪು ಸಾಕು. ಚೌಕ ಕಾಗದದ ನಡುವೆ ಮಾತ್ರ ಚಿತ್ರ ಬರೆಯಿರಿ, ಅಂಚು ಮುಟ್ಟಬೇಡಿ. ಹಾಳೆಯನ್ನು ಉದ್ದಕ್ಕೆ ಸರಿಯಾಗಿ ಅರ್ಧ ಮಾಡಿ, ಎಡದ ತುಂಡನ್ನು ಬಲಕ್ಕೆ ಇಟ್ಟು ಹಿಂದಿನಿಂದ ಟೇಪು ಹಚ್ಚಿ. ಆಮೇಲೆ ಅಡ್ಡಕ್ಕೂ ಹಾಗೇ, ಮೇಲಿನದು ಕೆಳಗೆ. ಈಗ ನಡುವೆ ಖಾಲಿ ಜಾಗ ಬಂದಿರುತ್ತದೆ, ಅದನ್ನು ತುಂಬಿ. ಈ ಹಾಳೆಯ ಪ್ರತಿಗಳನ್ನು ಪಕ್ಕಪಕ್ಕ ಜೋಡಿಸಿದರೆ ಎಲ್ಲಿ ಸೇರಿದೆ ಅಂತಲೇ ಕಾಣುವುದಿಲ್ಲ.

ಎಲ್ಲ ಜಾಗ ತುಂಬಲೇಬೇಕು ಅಂತೇನೂ ಇಲ್ಲ. ಮಾನಂದವಾಡಿ ರಸ್ತೆಯಲ್ಲಿ 1912ರಲ್ಲಿ ಶುರುವಾದ ರೇಷ್ಮೆ ಕಾರ್ಖಾನೆ ಇದೆ. ಅಲ್ಲಿಯ ಹಳೇ ಮಾದರಿಯ ಸೀರೆಯಲ್ಲಿ ಒಡಲು ಪೂರ್ತಿ ಖಾಲಿ, ಜರಿ ಇರುವುದು ಅಂಚಿಗೆ, ಸೆರಗಿಗೆ. ಇನ್ನೊಂದು ಕಡೆ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್, 1784ರದ್ದು, ಗೋಡೆಯಲ್ಲಿ ಬೆರಳಿಡಲು ಜಾಗವಿಲ್ಲದಷ್ಟು ಬಣ್ಣ. ಜನ ಪಶ್ಚಿಮದ ಗೋಡೆಯ ಪೊಳ್ಳಿಲೂರು ಯುದ್ಧದ ಚಿತ್ರದ ಮುಂದೆ ನಿಲ್ಲುತ್ತಾರೆ, ನಾನು ಒಳಗಿನ ಹೂಬಳ್ಳಿ ಮುಂದೆ. ಎರಡೂ ಇಷ್ಟವೇ, ಆದರೆ ಊಟದ ಟೇಬಲ್ ಮೇಲೆ ಹಾಸುವ ಬಟ್ಟೆಗೆ ಸೀರೆಯ ದಾರಿಯೇ ಸರಿ. ಮೇಲೆ ತಟ್ಟೆ, ಪಾತ್ರೆ ಬರುತ್ತವಲ್ಲ.

ಇನ್ನು ಬಣ್ಣ. ಬಣ್ಣವನ್ನು ನಾನು ಫೋನಿನಲ್ಲಿ ಹಿಡಿಯುವುದಿಲ್ಲ. ನೀಲಿ ಟಾರ್ಪಾಲಿನ ಕೆಳಗೆ ಫೋನು ತಾನೇ ಬಣ್ಣ ಸರಿಮಾಡಿಬಿಡುತ್ತದೆ, ಕಣ್ಣಿಗೆ ಕಂಡದ್ದು ಸಿಗುವುದಿಲ್ಲ. ಚಿಕ್ಕ ವಾಟರ್ ಕಲರ್ ಡಬ್ಬಿ ಚೀಲದಲ್ಲಿ ಇರುತ್ತದೆ, ನಿಂತಲ್ಲೇ ಕಲಸಿ ಪುಸ್ತಕದಲ್ಲಿ ಒಂದು ಪಟ್ಟಿ ಎಳೆಯುತ್ತೇನೆ. ಪಕ್ಕದ ಬಣ್ಣವನ್ನೂ ಎಳೆಯಬೇಕು. ಮರುಗದ ಹಸಿರು ಪಕ್ಕದಲ್ಲಿದ್ದರೆ ಕನಕಾಂಬರ ಇನ್ನೂ ಕೆಂಪಾಗಿ ಕಾಣುತ್ತದೆ, ಒಂದೇ ಬರೆದರೆ ಸಪ್ಪೆ.

ನನಗೆ ಅತಿ ಹೆಚ್ಚು ದುಡಿದುಕೊಟ್ಟ ಬಣ್ಣಗಳು ಸಿಕ್ಕಿದ್ದು ಮಂಡ್ಯದ ಕಡೆಯ ಒಂದು ಆಲೆಮನೆಯಲ್ಲಿ. ಸುಮ್ನೆ ಬೆಲ್ಲ ತರಲು ಹೋದವಳು ಕೊಪ್ಪರಿಗೆ ಪಕ್ಕ ಕೂತುಬಿಟ್ಟೆ. ಗಾಣದಿಂದ ಬಂದ ಕಬ್ಬಿನ ಹಾಲು ಹಸಿರು ಬೆರೆತ ಬೂದು. ಕುದಿಯುತ್ತಾ ನೊರೆ ತೆಗೆದಂತೆ ಹಳದಿಗೆ ತಿರುಗುತ್ತದೆ. ಪಾಕ ಬರುವ ಹೊತ್ತಿಗೆ ಹೊನ್ನಿನ ಬಣ್ಣ, ಅಚ್ಚಿಗೆ ಹೊಯ್ದು ಆರಿದ ಮೇಲೆ ಕಂದು. ಒಂದೇ ರಸದಿಂದ ಬಂದವು, ಹಾಗಾಗಿ ಒಂದಕ್ಕೊಂದು ಜಗಳ ಆಡುವುದಿಲ್ಲ. "ಬೆಲ್ಲದ ಬಣ್ಣ ಬರೆಯೋಕೆ ಇಲ್ಲಿಗಂಟ ಬಂದ್ರಾ?" ಅಂತ ಆಲೆಮನೆಯವರು ನಕ್ಕರು. ಬಿಸಿ ಬೆಲ್ಲವನ್ನೂ ಕೊಟ್ಟರು.

ಸ್ಕ್ರೀನ್ ಪ್ರಿಂಟಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನು, ಅಂದರೆ ಬಣ್ಣ ಇಳಿಸುವ ಜಾಲರಿಯ ಚೌಕಟ್ಟು, ಬೇಕು, ಪ್ರತಿಯೊಂದಕ್ಕೂ ದುಡ್ಡು. ನನ್ನ ಜೇಬಿಗೆ ಎರಡೇ ಸಾಧ್ಯವಿತ್ತು. ಬ್ಲೀಚ್ ಮಾಡದ ಕೋರಾ ಬಟ್ಟೆ ಆರಿಸಿಕೊಂಡೆ, ಕಬ್ಬಿನ ಹಾಲಿನ ಬಣ್ಣ ಅದರಲ್ಲೇ ಬಂತು. ಹೊನ್ನು, ಕಂದು ಎರಡಕ್ಕೆ ಸ್ಕ್ರೀನು ಮಾಡಿಸಿದೆ. ಬಣ್ಣ ತೆಳ್ಳಗೆ ಕಲಸಿದ್ದರಿಂದ ಎರಡೂ ಒಂದರ ಮೇಲೊಂದು ಬಿದ್ದ ಕಡೆ ಸುಟ್ಟ ಬೆಲ್ಲದಂಥ ಗಾಢ ಬಣ್ಣ ತಾನಾಗಿ ಬಂತು. ಪ್ರಿಂಟಿನವರು ಗೀಟು ಆಚೀಚೆ ಆಗಿದೆ ಅಂದುಕೊಂಡು ಸ್ಕ್ರೀನು ಸರಿಸಲು ಹೊರಟಿದ್ದರು. "ಅಣ್ಣ, ಹಾಗೇ ಇರಲಿ, ಅದೇ ಬೇಕಾಗಿದ್ದು" ಅಂದೆ. "ಆಮೇಲೆ ನಮ್ಮನ್ನ ಕೇಳಬಾರದು" ಅಂತ ಹೇಳಿಯೇ ಉಳಿದದ್ದನ್ನು ಹೊಡೆದುಕೊಟ್ಟರು.